ಖಾಸಗಿ ಪಾರ್ಕಿಂಗ್ ಕಂಪನಿಯಿಂದ 100 ಪೌಂಡ್ ನೋಟಿಸ್: ಕಟ್ಟಬೇಕಾ?

ಪ್ರಶ್ನೆ: ಇಂಗ್ಲೆಂಡ್‌ನಲ್ಲಿರುವವರು ಸ್ವಲ್ಪ ದಾರಿ ತೋರಿಸಿ. ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ನನ್ನ ಕಾರು ಹೆಚ್ಚು ಹೊತ್ತು ಇತ್ತು ಅಂತ 100 ಪೌಂಡ್ ಕೇಳಿದ್ದಾರೆ. 14 ದಿನದೊಳಗೆ ಕಟ್ಟಿದರೆ 60. ಕ್ಯಾಮೆರಾದ ಎರಡೇ ಫೋಟೋ: ಒಳಗೆ ಬಂದಿದ್ದು, ಹೊರಗೆ ಹೋಗಿದ್ದು. ಜಾಗ ಹುಡುಕುತ್ತಾ ಸುತ್ತಿದ್ದು, ಗೇಟಿನ ಹತ್ತಿರ ಸಾಲಲ್ಲಿ ಕಾದಿದ್ದು ಎಲ್ಲವನ್ನೂ ಪಾರ್ಕಿಂಗ್ ಅಂತಲೇ ಲೆಕ್ಕ ಹಾಕಿದ್ದಾರೆ. ಅನ್ಯಾಯ ಅಲ್ವಾ?

ಉತ್ತರ 1: ಸುಮ್ನೆ ಕಟ್ಟಬೇಡಿ. ಇದು ಪೊಲೀಸರ ಅಥವಾ ಕೌನ್ಸಿಲ್‌ನ ದಂಡ ಅಲ್ಲ. ಹಾಗಂತ ಪತ್ರ ಬಿಸಾಕಲೂಬೇಡಿ. ಇಂಥದ್ದೇ 85 ಪೌಂಡ್ ಚಾರ್ಜನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಮೊದಲು ತಾರೀಕು ನೋಡಿ. ಬರೀ ಕ್ಯಾಮೆರಾ ಕೇಸಾದರೆ ಕಾರು ನಿಲ್ಲಿಸಿದ ಮಾರನೇ ದಿನದಿಂದ 14 ದಿನದೊಳಗೆ ನೋಟಿಸ್ ನಿಮಗೆ ತಲುಪಿರಬೇಕು. ತಡವಾಗಿದ್ದರೆ 2012ರ ಕಾಯ್ದೆ ಪ್ರಕಾರ ಕಾರು ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರಿಂದ ವಸೂಲಿ ಮಾಡುವ ಹಾಗಿಲ್ಲ, ಓಡಿಸಿದವರಿಂದ ಮಾತ್ರ. ಅದಕ್ಕೇ ‘ನಾನು ನಿಲ್ಲಿಸಿದೆ’ ಅಂತ ಎಲ್ಲೂ ಬರೆಯಬೇಡಿ.

ಉತ್ತರ 2: ಮೊದಲು ಕಂಪನಿಗೇ ಅಪೀಲು ಹಾಕಿ, ಖರೀದಿ ರಸೀದಿ ಜೊತೆಗಿಡಿ. ಹೊರಡುವಾಗ 10 ನಿಮಿಷ ರಿಯಾಯಿತಿ ಇರುತ್ತದೆ, ಅದನ್ನೂ ಎತ್ತಿ. ಅವರು ಒಪ್ಪದಿದ್ದರೆ ಪಾಪ್ಲಾ (POPLA) ಅನ್ನೋ ಸ್ವತಂತ್ರ ಅಪೀಲು ಸಂಸ್ಥೆಗೆ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಕೆಲವು ಕಂಪನಿಗಳಿಗೆ ಅದರ ಬದಲು ಐಎಎಸ್ (IAS) ಅನ್ನೋ ಇನ್ನೊಂದು ಅಪೀಲು ಸಂಸ್ಥೆ ಇರುತ್ತದೆ, ಪತ್ರದಲ್ಲೇ ಬರೆದಿರುತ್ತಾರೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಲಕೋಟೆ ಇನ್ನೂ ಇದೆ. ತಾರೀಕು ನೋಡಿ ಇವತ್ತೇ ಬರೆಯುತ್ತೇನೆ.