ಟಿ-ಪರೀಕ್ಷೆಯೋ, ಮ್ಯಾನ್–ವಿಟ್ನಿಯೋ? ಒಬ್ಬ ರೋಗಿಯ 28 ದಿನಗಳು

ಪ್ರಶ್ನೆ:
ಸ್ನಾತಕೋತ್ತರ ಪ್ರಬಂಧಕ್ಕಾಗಿ, ಒಂದೇ ಶಸ್ತ್ರಚಿಕಿತ್ಸೆಯ ಎರಡು ವಿಧಾನಗಳಲ್ಲಿ ರೋಗಿಗಳು ಆಸ್ಪತ್ರೆಯಲ್ಲಿ ಉಳಿದ ದಿನಗಳನ್ನು ಹೋಲಿಸುತ್ತಿದ್ದೇನೆ. ಹಳೆಯ ವಿಧಾನ: 3, 3, 4, 4, 4, 5, 5, 6, 7. ಹೊಸ ವಿಧಾನ: 2, 2, 3, 3, 3, 3, 4, 4, 28. ಸರಾಸರಿಯಲ್ಲಿ (4.6 ಮತ್ತು 5.8) ಹಳೆಯದು ಮೇಲು, ಮಧ್ಯಾಂಕದಲ್ಲಿ (4 ಮತ್ತು 3) ಹೊಸದು ಮೇಲು. ಹದಿನೆಂಟೂ ಸಂಖ್ಯೆಗಳನ್ನು ಒಟ್ಟಿಗೆ ಶಪಿರೊ–ವಿಲ್ಕ್ ಪರೀಕ್ಷೆಗೆ ಒಡ್ಡಿದಾಗ ಸಾಮಾನ್ಯ ವಿತರಣೆ (ಗಂಟೆಯಾಕಾರದ ಹರಡಿಕೆ) ಇಲ್ಲವೆಂದು ಬಂದಿದೆ. ಹಾಗಾಗಿ ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ ಬೇಡ, ಸಾಮಾನ್ಯ ವಿತರಣೆಯನ್ನು ಊಹಿಸದ, ಮ್ಯಾನ್–ವಿಟ್ನಿಯಂಥ ನಾನ್-ಪ್ಯಾರಾಮೆಟ್ರಿಕ್ ಪರೀಕ್ಷೆಯನ್ನೇ ಮಾಡಬೇಕೆಂದು ಮಾರ್ಗದರ್ಶಕರು ಹೇಳಿದ್ದಾರೆ. ಇದು ಸರಿಯೇ?

ಉತ್ತರ 1:
ಎರಡು ಗುಂಪುಗಳನ್ನು ಬೆರೆಸಿ ನೋಡಬಾರದು. ಗುಂಪುಗಳು ನಿಜವಾಗಿ ಬೇರೆಯಾಗಿದ್ದರೆ ಬೆರೆಸಿದ ದತ್ತಾಂಶ ಅದರಿಂದಲೇ ಸಾಮಾನ್ಯ ವಿತರಣೆಯಂತೆ ಕಾಣದೆ ಹೋಗಬಹುದು. ಬೇರೆ ಬೇರೆಯಾಗಿ ನೋಡಿದರೂ ಆ ಪರೀಕ್ಷೆಗೆ ತೀರ್ಮಾನವನ್ನು ಒಪ್ಪಿಸಲಾಗದು, ಏಕೆಂದರೆ ಒಂಬತ್ತು ಸಂಖ್ಯೆಗಳಲ್ಲಿ ಅದು ನಿಜವಾದ ಓರೆಯನ್ನೂ (ಸಂಖ್ಯೆಗಳು ಒಂದು ಬದಿಗೆ ವಾಲಿರುವುದನ್ನೂ) ಬಿಟ್ಟುಬಿಡಬಹುದು, ಸಾವಿರಾರು ಸಂಖ್ಯೆಗಳಲ್ಲಿ ಲೆಕ್ಕಕ್ಕಿಲ್ಲದ ಓರೆಯನ್ನೂ ಎತ್ತಿ ತೋರಿಸುತ್ತದೆ. ಮೊದಲು ಕೇಸ್ ಶೀಟ್ ತೆಗೆದು, ಆ 28 ಬರೆಯುವಾಗಿನ ತಪ್ಪಲ್ಲವೆಂದು ಖಚಿತಪಡಿಸಿಕೊಳ್ಳಿ. ಮ್ಯಾನ್–ವಿಟ್ನಿ ಕೇಳುವುದು, ಎರಡೂ ಕಡೆಯಿಂದ ಒಬ್ಬೊಬ್ಬರನ್ನು ತೆಗೆದುಕೊಂಡರೆ ಯಾರು ಹೆಚ್ಚು ದಿನ ಉಳಿದರು ಎಂದು. ನಿಮ್ಮ 81 ಜೋಡಿಗಳಲ್ಲಿ, ಸಮ ಬಂದವನ್ನು ಅರ್ಧವೆಂದು ಎಣಿಸಿದರೆ, 61ರಲ್ಲಿ ಹಳೆಯ ವಿಧಾನದವರೇ ಹೆಚ್ಚು ಉಳಿದಿದ್ದಾರೆ. ಎಲ್ಲ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಅಲ್ಲಿ 28 ಬರೀ ಹದಿನೆಂಟನೆಯ ರ‍್ಯಾಂಕ್. ಅದು 280 ಆಗಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ.

ಉತ್ತರ 2:
ಬದಲಾಗದಿರುವುದೇ ನನಗೆ ತೊಡಕಾಗಿ ಕಾಣುತ್ತದೆ. ಆ ರೋಗಿ 28 ದಿನವೂ ಒಂದು ಹಾಸಿಗೆಯಲ್ಲಿ ಮಲಗಿದ್ದರಲ್ಲವೇ? ಒಟ್ಟು ಹಾಸಿಗೆ-ದಿನಗಳು ಹಳೆಯದರಲ್ಲಿ 41, ಹೊಸದರಲ್ಲಿ 52. ಖರ್ಚಿನ ಪ್ರಶ್ನೆಗೆ ಸರಾಸರಿಯೇ ಉತ್ತರ, ರ‍್ಯಾಂಕ್ ಅಲ್ಲ. ಅದಕ್ಕೆ ಎರಡೂ ಗುಂಪುಗಳ ಚದುರುವಿಕೆ ಸಮವೆಂದು ಊಹಿಸದ ವೆಲ್ಚ್ ಪರೀಕ್ಷೆಯನ್ನು ಬಳಸಬಹುದಾದರೂ, ಒಂಬತ್ತೇ ರೋಗಿಗಳಲ್ಲಿ ಇಂಥದೊಂದು ಸಂಖ್ಯೆ ಇರುವಾಗ ಯಾವ ಲೆಕ್ಕವನ್ನೂ ಪೂರ್ತಿ ನಂಬಲಾಗದು, ಮತ್ತು ಹಾಗೆಂದೇ ಬರೆಯಬೇಕು.

ಉತ್ತರ 3:
ನಾನ್-ಪ್ಯಾರಾಮೆಟ್ರಿಕ್ ಎಂದರೆ ಕೈಲಾಗದವರ ದಾರಿ ಎಂಬ ಭಾವನೆ ತಪ್ಪು. ದತ್ತಾಂಶ ಸಾಮಾನ್ಯ ವಿತರಣೆಯದ್ದೇ ಆಗಿದ್ದರೂ, ದೊಡ್ಡ ಮಾದರಿಗಳಲ್ಲಿ, ಟಿ-ಪರೀಕ್ಷೆ ಸುಮಾರು 95 ಜನರಿಂದ ಮಾಡುವ ಕೆಲಸವನ್ನು ಮ್ಯಾನ್–ವಿಟ್ನಿ 100 ಜನರಿಂದ ಮಾಡುತ್ತದೆ. ಮಾದರಿ ತೀರಾ ಚಿಕ್ಕದಾದಾಗ ಮಾತು ಬೇರೆ: ಗುಂಪಿಗೆ ಮೂವರಿದ್ದರೆ ಆರು ಸಂಖ್ಯೆಗಳನ್ನು ಎರಡು ಗುಂಪಿಗೆ ಹಂಚುವ ಬಗೆಗಳೇ 20, ಆದ್ದರಿಂದ ಎರಡು ಬದಿಯ ಪಿ-ಮೌಲ್ಯ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದಾಗಲೂ, ಯಾವ ಕಡೆಗಾದರೂ, ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) 0.1ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಇನ್ನೊಂದು ಮಾತು. ಎರಡೂ ವಿತರಣೆಗಳ ಆಕಾರ ಒಂದೇ ಇಲ್ಲದಾಗ, ಈ ಪರೀಕ್ಷೆಯ ಫಲಿತಾಂಶವನ್ನು ‘ಮಧ್ಯಾಂಕಗಳು ಬೇರೆ’ ಎಂದು ಬರೆಯಬೇಡಿ.

ಪ್ರಶ್ನೆ ಕೇಳಿದವರು:
ಕೇಸ್ ಶೀಟ್ ನೋಡಿದೆ. 28 ಸರಿಯಾಗಿಯೇ ಇದೆ, ಗಾಯಕ್ಕೆ ಸೋಂಕಾಗಿತ್ತು. ಮ್ಯಾನ್–ವಿಟ್ನಿಯ ಜೊತೆಗೆ ಹಾಸಿಗೆ-ದಿನಗಳನ್ನೂ ಕೊಡುತ್ತೇನೆ. ಯಾವ ಪರೀಕ್ಷೆ ಎಂಬುದನ್ನು ಅಧ್ಯಯನದ ಯೋಜನೆಯಲ್ಲಿ ಮೊದಲೇ ಬರೆದಿರಲಿಲ್ಲ. ಅದನ್ನೂ ಪ್ರಬಂಧದಲ್ಲಿ ಹೇಳುತ್ತೇನೆ.