ಓದುಗರ ಸ್ಪಂದನ: ಹತ್ತೊಂಬತ್ತು ದಿನದ ಪಥ್ಯ, ಇಪ್ಪತ್ತನೆಯ ದಿನದ ಮಿರ್ಚಿ

ಕಳೆದ ಸಂಚಿಕೆಯ ಸಮಸ್ಯೆ: ನನಗೆ 44 ವರ್ಷ, ದಾವಣಗೆರೆಯಲ್ಲಿ ಗುಮಾಸ್ತ. ಸಕ್ಕರೆ ಕಾಯಿಲೆಯಿಂದಾಗಿ ಅಪ್ಪನ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಈಗ ನನ್ನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತಿಳಿಸುವ ಪರೀಕ್ಷೆ) 6.2 ಬಂದಿದೆ. ಆಹಾರ ಬದಲಿಸಿ ಎಂದರು ವೈದ್ಯರು. ಆರು ಸಲ ಶುರು ಮಾಡಿದೆ, ಹೆಚ್ಚೆಂದರೆ 19 ದಿನ ನಡೆಯಿತು. ಇಪ್ಪತ್ತನೆಯ ದಿನ ಸಂಜೆ ಸಹೋದ್ಯೋಗಿಗಳು ಮಂಡಕ್ಕಿ-ಮಿರ್ಚಿಗೆ ಕರೆದರು, ಹೋದೆ. ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಹೆಂಡತಿ (ಶಿಕ್ಷಕಿ), ಇಬ್ಬರು ಮಕ್ಕಳು, ಬೇಡವೆಂದರೂ ಬಡಿಸುವ ತಾಯಿ. ನನಗೆ ಮನೋಬಲವೇ ಇಲ್ಲವೇ?

ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ. ‘ಮೆಂತ್ಯ ನೆನೆಸಿ ಕುಡಿಯಿರಿ’ ಎಂದಷ್ಟೇ ಬರೆದವರು ದಯವಿಟ್ಟು ಕ್ಷಮಿಸಬೇಕು.

*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಥ್ಯ ಶುರು ಮಾಡಿದವರು ನೀವು, ಬಿಟ್ಟವರೂ ನೀವು. ನಡುವೆ ಅಡುಗೆ ಮಾಡಿದವರು ಯಾರು? ಬೆಳಿಗ್ಗೆ ಮಕ್ಕಳ ಡಬ್ಬಿಗೆ ಚಿತ್ರಾನ್ನ, ಅತ್ತೆಗೆ ಮೆತ್ತಗಿನ ಅನ್ನ, ನಿಮಗೆ ರೊಟ್ಟಿ. ಶಾಲೆಗೆ ಓಡಬೇಕಾದ ಹೆಂಗಸು ಇದನ್ನು ಎಷ್ಟು ದಿನ ನಡೆಸಿಯಾಳು?

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ನಾನೂ ಅವರಿಗೆ ಬೇರೆ ಪಾತ್ರೆ ಇಟ್ಟೆ. ಒಂದು ತಿಂಗಳು ನಡೆಯಿತು. ಮದುವೆ ಕಾಲ, ಹೊಲಿಗೆಯ ಕೆಲಸ ಮೈಮೇಲೆ ಬಿದ್ದಿತ್ತು. ಒಂದು ರಾತ್ರಿ ಅವರಿಗೂ ಅನ್ನವನ್ನೇ ಬಡಿಸಿದೆ. ಏನೂ ಅನ್ನದೆ ಉಂಡರು. ಮರುದಿನವೂ ಉಂಡರು. ಪಥ್ಯ ಮುಗಿದದ್ದು ಹಾಗೆ, ಅದರಲ್ಲಿ ಯಾರ ಮನೋಬಲದ ಪ್ರಶ್ನೆಯೂ ಇರಲಿಲ್ಲ.

ಈಗ ಎಲ್ಲರಿಗೂ ಒಂದೇ ಅಡುಗೆ. ಹುಳಿಯಲ್ಲಿ ಬೇಳೆ-ತರಕಾರಿ ಗಟ್ಟಿಯಾಗಿರುತ್ತದೆ, ಅನ್ನ ಕಡಿಮೆ ಸಾಕಾಗುತ್ತದೆ. ಸೊಪ್ಪು ನಮ್ಮ ಸಂತೆಯಲ್ಲಿ ಅಗ್ಗ, ಆದರೆ ಬಿಡಿಸುವವರು ಯಾರು? ಆ ಕೆಲಸವನ್ನು ಅವರಿಗೇ ಕೊಟ್ಟೆ. ರಾತ್ರಿ ವಾರ್ತೆಯ ಹೊತ್ತಿಗೆ ಹಳೆಯ ಪೇಪರ್ ಹಾಸಿ ಎರಡು ಕಟ್ಟು ಮೆಂತ್ಯ ಮುಂದಿಟ್ಟುಕೊಂಡು ಕೂರುತ್ತಾರೆ. ಬೇರು ಒಂದು ಕಡೆ, ಹಳದಿ ಎಲೆ ಇನ್ನೊಂದು ಕಡೆ. ಮೊದಲ ವಾರ ಕಡ್ಡಿಯನ್ನೆಲ್ಲ ಹಾಗೆಯೇ ಬಿಟ್ಟಿದ್ದರು, ಪಲ್ಯ ಅಗಿಯುತ್ತಾ ತಾವೇ ಕಲಿತರು. ಬಿಡಿಸಿದ್ದನ್ನು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಪಲ್ಯ ಹತ್ತು ನಿಮಿಷದ ಕೆಲಸ. ತಾನೇ ಬಿಡಿಸಿದ ಸೊಪ್ಪನ್ನು ಗಂಡಸು ತಟ್ಟೆಯಲ್ಲಿ ಬಿಟ್ಟು ಏಳುವುದಿಲ್ಲ. ಬೇಕಿದ್ದರೆ ಪರೀಕ್ಷಿಸಿ ನೋಡಿ.

— ಟೈಲರ್, ಹಾವೇರಿ

*

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಯಾರೋ ನಿಮ್ಮ ತಲೆಗೆ ತುಂಬಿರಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು ತಿನ್ನುವಂಥ ಸಣ್ಣ ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಅಂದಾಜು 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರ ಲೆಕ್ಕ 250 ದಾಟಿತ್ತು. ಮುಖ್ಯವಾದದ್ದು ಮುಂದಿದೆ: ನಡುವೆ ಒಂದು ದಿನ ತಪ್ಪಿದವರಿಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ. ನಿಮ್ಮ ಪಥ್ಯವನ್ನು ಕೆಡಿಸಿದ್ದು ಮಿರ್ಚಿಯಲ್ಲ, ‘ಅಲ್ಲಿಗೆ ಮುಗಿಯಿತು’ ಎಂಬ ನಿಮ್ಮ ತೀರ್ಪು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಏನು ತಿಂದಿರಿ ಎಂದು ನೀವು ಬರೆದೇ ಇಲ್ಲ.

— ಮನಃಶಾಸ್ತ್ರ ಉಪನ್ಯಾಸಕ, ಮೈಸೂರು

*

ಮಂಡಕ್ಕಿ ಬಿಡಿ, ಚಹಾ ಲೆಕ್ಕ ಹಾಕಿದ್ದೀರಾ? ನಾನೂ ತಾಲ್ಲೂಕು ಕಚೇರಿಯೊಂದರ ಗುಮಾಸ್ತನೇ. ದಿನಕ್ಕೆ ಐದು ಚಹಾ, ಲೋಟಕ್ಕೆ ಎರಡು ಚಮಚ. ಚಮಚಕ್ಕೆ ನಾಲ್ಕೈದು ಗ್ರಾಂ ಎಂದರೂ ದಿನಕ್ಕೆ 40-50 ಗ್ರಾಂ ಸಕ್ಕರೆ, ತಿಂಗಳಿಗೆ ಕಿಲೋ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಒಳ್ಳೆಯದು ಎಂದು. ನನ್ನದು ಚಹಾದಲ್ಲೇ ತುಂಬಿಹೋಗಿತ್ತು. ಅಂಗಡಿಯ ಸಾಲದ ಪುಸ್ತಕದಲ್ಲಿ ಬರೆಯುವ ಹಾಗೆ ಪ್ರತಿ ಚಹಾಕ್ಕೂ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದೆ. ಸಂಖ್ಯೆ ನೋಡಿ ನಾಚಿಕೆಯಾಗಿ ಎರಡಕ್ಕೆ ಇಳಿಸಿದೆ.

ಗೆಳೆಯರ ಜೊತೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ನಾನು ನಿಲ್ಲಿಸಿದೆ, ವಾರದಲ್ಲಿ ಒಂಟಿಯಾದೆ, ಮರುವಾರ ಎರಡರಷ್ಟು ತಿಂದೆ. ಈಗ ನಾಲ್ಕು ಗಂಟೆಗೇ ಡ್ರಾಯರಿನಲ್ಲಿರುವ ಶೇಂಗಾ, ಹುರಿಗಡಲೆ ಒಂದು ಹಿಡಿ ತಿಂದು ಹೋಗುತ್ತೇನೆ. ಹಸಿವಿಲ್ಲದವನಿಗೆ ಒಂದು ಮಿರ್ಚಿ ಸಾಕಾಗುತ್ತದೆ. ಹಸಿದವನಿಗೆ ನಾಲ್ಕೂ ಸಾಲದು.

— ದ್ವಿತೀಯ ದರ್ಜೆ ಸಹಾಯಕ, ಚಿತ್ರದುರ್ಗ

*

ಆಸ್ಪತ್ರೆಯಲ್ಲಿ ನಾನು ದಿನವೂ ಕೇಳುವ ಮಾತು: ‘ಮೇಡಂ, ಅನ್ನ ಬಿಟ್ಟು ಮುದ್ದೆ ತಿನ್ನುತ್ತೇನೆ, ಎಷ್ಟಾದರೂ ತಿನ್ನಬಹುದಲ್ಲ?’ ಇಲ್ಲ. ರಾಗಿಯಲ್ಲಿ ನಾರು ಹೆಚ್ಚು, 100 ಗ್ರಾಮಿಗೆ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದರ ಮೂರರಲ್ಲಿ ಎರಡು ಪಾಲು ಪಿಷ್ಟವೇ. ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ತಿಂದರೆ ಅನ್ನ ಬಿಟ್ಟು ಬಂದ ಲಾಭ ಏನೂ ಉಳಿಯುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನದ ತಟ್ಟೆ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆ-ಕಾಳು 85, ಸೊಪ್ಪು-ತರಕಾರಿ 400, ಹಣ್ಣು 100, ಹಾಲು 300 ಮಿಲಿಲೀಟರ್, ಎಣ್ಣೆ-ತುಪ್ಪ ಸೇರಿ 27 ಗ್ರಾಂ. ದಿನವೂ ತೂಗುತ್ತಾ ಕೂರಲು ಯಾರಿಗೂ ಆಗದು. ಎಣ್ಣೆಯೊಂದನ್ನು ತಿಂಗಳ ಲೆಕ್ಕದಲ್ಲಿ ಹಿಡಿಯಿರಿ. ನಿಮ್ಮ ಐದು ಜನರ ಮನೆಗೆ ತುಪ್ಪವೂ ಸೇರಿ ನಾಲ್ಕೂವರೆ ಲೀಟರ್ ದಾಟಬಾರದು. ಡಬ್ಬ ಯಾವ ತಾರೀಖಿಗೆ ಖಾಲಿಯಾಯಿತು ಎಂಬುದೇ ನಿಮಗೆ ವರದಿ.

ಎಚ್‌ಬಿಎ1ಸಿ 5.7ರಿಂದ 6.4ರವರೆಗಿನದು ಸಕ್ಕರೆ ಕಾಯಿಲೆಯ ಹೊಸ್ತಿಲು. ನೀವಿನ್ನೂ ಒಳಗೆ ಕಾಲಿಟ್ಟಿಲ್ಲ. ಮುಂದಿನ ಪರೀಕ್ಷೆ ಯಾವಾಗ ಎಂದು ವೈದ್ಯರನ್ನು ಕೇಳಿ, ತಪ್ಪಿಸಬೇಡಿ.

— ಆಹಾರ ತಜ್ಞೆ, ತುಮಕೂರು

*

ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ವಾಪಸ್. ಸೇಬು, ಬಾದಾಮಿ ತಿನ್ನಿ ಎಂದು ಬರೆಯುವವರಿಗೆ ನನ್ನ ಸಂಬಳ ಗೊತ್ತಿಲ್ಲ. ಬಾಳೆಹಣ್ಣು, ಸೀಬೆ, ರೇಷನ್ನಿನ ರಾಗಿ, ಹುರುಳಿ, ಮೊಟ್ಟೆ: ನಮ್ಮ ಮನೆಯಲ್ಲಿ ಇಷ್ಟೇ. ರಾತ್ರಿ ಎಂಟರ ಮೇಲೆ ತಳ್ಳುಗಾಡಿಯವರು ಉಳಿದ ತರಕಾರಿಯನ್ನು ಅರ್ಧ ಬೆಲೆಗೆ ಕೊಡುತ್ತಾರೆ. ನನ್ನ ಕೈಯಲ್ಲಿ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ನಿಮಗೆ ಎರಡೂ ಸ್ವಲ್ಪ ಇವೆ ಅನ್ನಿಸುತ್ತದೆ, ಬೈಯುತ್ತಿಲ್ಲ.

— ಬೆಂಗಳೂರು

*

ಚಕ್ಕುಲಿ ಡಬ್ಬ ಅಟ್ಟದ ಮೇಲಿರಲಿ, ಸೌತೆಕಾಯಿ ಕಣ್ಣೆದುರಿಗಿರಲಿ. ನನ್ನ ಅನುಭವ ಇಷ್ಟೇ.

— ನಿವೃತ್ತ ಬಸ್ ನಿರ್ವಾಹಕ, ಕಲಬುರಗಿ

*

ಬೇಡವೆಂದರೂ ಬಡಿಸುವ ತಾಯಿಯ ಬಗ್ಗೆ ಬರೆದಿದ್ದೀರಿ. ನಾನೂ ಅಂಥವಳೇ, ವಯಸ್ಸು 74. 1966ರ ಬರ ನೆನಪಿದೆ. ನಮ್ಮ ಕಡೆ ಅನ್ನವೆಂದರೆ ಹಬ್ಬಕ್ಕೆ, ಬೀಗರು ಬಂದಾಗ, ಬಾಣಂತಿಗೆ. ಉಳಿದ ದಿನ ಮುದ್ದೆಯೇ. ಅದೂ ಕೊನೆಯಲ್ಲಿ ಉಣ್ಣುವ ಅವ್ವನಿಗೆ ಅರ್ಧ. ಅಂಥ ಮನೆಯಿಂದ ಬಂದ ಕೈಗೆ ಮಗನ ತಟ್ಟೆಯಲ್ಲಿ ಬಿಳಿ ಅನ್ನದ ಗುಡ್ಡೆ ಕಂಡರೇ ಸಮಾಧಾನ. ‘ಸಾಕು’ ಅಂದರೆ ಸಾಕಾಗಿಲ್ಲ ಎಂದೇ ನಮ್ಮ ಕಿವಿಗೆ ಕೇಳುತ್ತದೆ.

ನನ್ನ ಮಗ ಮೊದಲು ರೇಗುತ್ತಿದ್ದ. ನಾನು ಮುನಿಸಿಕೊಂಡು ಊಟ ಬಿಡುತ್ತಿದ್ದೆ, ಅವನು ಸೋತು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದ. ಆಮೇಲೆ ಸೊಸೆ ಜಾಣತನ ಮಾಡಿದಳು. ಅನ್ನದ ಪಾತ್ರೆಯನ್ನು ಒಲೆಯ ಪಕ್ಕದಲ್ಲೇ ಬಿಟ್ಟು, ಪಲ್ಯದ ಪಾತ್ರೆಯನ್ನು ನನ್ನ ಮುಂದೆ ತಂದಿಟ್ಟಳು: ‘ಅತ್ತೆ, ಬಡಿಸುವುದು ನೀವೇ.’ ನಾನು ಎದ್ದು ಒಲೆಯ ತನಕ ಹೋಗಬೇಕಲ್ಲ, ಮಂಡಿ ನೋವು. ಕೈಗೆ ಸಿಕ್ಕಿದ್ದನ್ನೇ ಬಡಿಸುತ್ತೇನೆ. ನಿನ್ನೆ ‘ಸಾಕಮ್ಮ’ ಅಂದ, ಇನ್ನೊಂದು ಸೌಟು ಹುರುಳಿಕಾಯಿ ಪಲ್ಯ ಹಾಕಿದೆ.

ಈ ಪತ್ರವನ್ನು ನಿಮ್ಮ ತಾಯಿಗೆ ಓದಿ ಹೇಳಿ. ಕಿವಿ ಮಂದವಾಗಿದ್ದರೆ ಸ್ವಲ್ಪ ಜೋರಾಗಿ.

— ಅಜ್ಜಿ, ಮಂಡ್ಯ