ಗುಂಡು ಎಷ್ಟು ಉಳಿದಿದೆ?

ಗುಂಪು: ಲಾಸ್ಟ್ ಬೆಂಚ್ 89, ಬೆಂಗಳೂರು
ಶನಿವಾರ ರಾತ್ರಿ

ಗುರುರಾಜ (ಫಾರ್ವರ್ಡ್): ಪ್ರಪಂಚದ 10 ಅತ್ಯುತ್ತಮ ಯುದ್ಧ ಸಿನಿಮಾಗಳು!! 1ನೇ ಸ್ಥಾನ ನಮ್ಮ ‘ಬಾರ್ಡರ್’. 1971ರ ಯುದ್ಧದಲ್ಲಿ ರಾಜಸ್ಥಾನದ ಲೋಂಗೆವಾಲಾ ಗಡಿಠಾಣೆಯಲ್ಲಿ ನಡೆದದ್ದನ್ನು ನಡೆದ ಹಾಗೇ ತೋರಿಸಿದ ಏಕೈಕ ಚಿತ್ರ. ಹೆಮ್ಮೆ ಇದ್ದರೆ 10 ಗುಂಪಿಗೆ ಕಳಿಸಿ.

ಅಶ್ವತ್ಥ: ಕಳಿಸೋಕೆ ಮುಂಚೆ ಒಂದು ವಿಷ್ಯ. ಸಿನಿಮಾದಲ್ಲಿ ಬಿಎಸ್‌ಎಫ್ ಯೋಧ ಭೈರೋನ್ ಸಿಂಗ್ ಯುದ್ಧದಲ್ಲೇ ಸಾಯ್ತಾನೆ. ನಿಜವಾದ ಭೈರೋನ್ ಸಿಂಗ್ ರಾಠೋಡ್ ತೀರಿಕೊಂಡಿದ್ದು 2022ರ ಡಿಸೆಂಬರ್‌ನಲ್ಲಿ. ಯುದ್ಧ ಆಗಿ 51 ವರ್ಷಕ್ಕೆ.

ಗುರುರಾಜ: ಸಿನಿಮಾ ಅಂದ್ಮೇಲೆ ಒಂಚೂರು ಉಪ್ಪು ಖಾರ ಹಾಕ್ತಾರೆ ಕಣೋ.

ಅಶ್ವತ್ಥ: ‘ನಡೆದ ಹಾಗೇ’ ಅಂದಿದ್ದು ನಿನ್ನ ಫಾರ್ವರ್ಡು, ನಾನಲ್ಲ. 1971ರ ಡಿಸೆಂಬರ್ 4ರ ರಾತ್ರಿ ಆ ಠಾಣೆಯಲ್ಲಿ ಇದ್ದಿದ್ದು 23 ಪಂಜಾಬ್ ಬೆಟಾಲಿಯನ್‌ನ ಒಂದು ಕಂಪನಿ, ಸುಮಾರು 120 ಜನ. ನಮ್ಮ ಕಡೆ ಸತ್ತವರು 2. ಸಿನಿಮಾದಲ್ಲಿ ಒಬ್ಬೊಬ್ಬರಾಗಿ ಬೀಳ್ತಾನೇ ಇರ್ತಾರೆ.

ಅದೂ ಹೋಗ್ಲಿ. ನನ್ನ ಸಿಟ್ಟು ಬೇರೆ. ನಿಜವಾಗಿ ನಡೆದದ್ದು ಸಿನಿಮಾಕ್ಕಿಂತ ಚೆನ್ನಾಗಿದೆ. ಪಾಕಿಸ್ತಾನದ ಟ್ಯಾಂಕುಗಳು ಕತ್ತಲಲ್ಲಿ ಠಾಣೆ ಹತ್ತಿರ ಬಂದು, ಮುಳ್ಳುತಂತಿ ನೋಡಿ ನಿಂತುಬಿಟ್ಟವು. ಮೈನ್ ಹೂತಿದ್ದಾರೆ ಅಂತ ಅನುಮಾನ. ಅವರ ಎಂಜಿನಿಯರುಗಳು ಬಂದು ತಡಕಿ ‘ಇಲ್ಲಿ ಏನೂ ಇಲ್ಲ’ ಅನ್ನೋಷ್ಟರಲ್ಲಿ ಹೊತ್ತು ಹೋಯ್ತು. ರಸ್ತೆ ಬಿಟ್ಟು ಇಳಿದ ಟ್ಯಾಂಕು ಮರಳಲ್ಲಿ ಹೂತ್ಕೊಳ್ತು. ಈ ಕಡೆ ಜೈಸಲ್ಮೇರ್‌ನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿ ದಾಳಿ ಮಾಡೋ ಸೌಲಭ್ಯ ಇರಲಿಲ್ಲ. ಅಂದ್ರೆ ಇಡೀ ಯುದ್ಧ ಒಂದೇ ಪ್ರಶ್ನೆ: ಬೆಳಕು ಹರಿಯೋವರೆಗೆ ತಡ್ಕೋತಾರಾ? ಗಡಿಯಾರ ಒಂದಿದ್ರೆ ಸಾಕಿತ್ತು. ಇವರು ಡೈಲಾಗ್ ಹಾಕಿದ್ರು.

ಗುರುರಾಜ: ಬೆಳಗಾಗೋವರೆಗೆ ಕಾಯೋದು ಸಿನಿಮಾದಲ್ಲೂ ಇದೆ!

ಅಶ್ವತ್ಥ: ಇದೆ, ಬಾಯಿಮಾತಲ್ಲಿ. ಎಷ್ಟು ಟ್ಯಾಂಕ್ ಉಳಿದಿವೆ, ಯಾವ ದಿಕ್ಕಲ್ಲಿವೆ, ಜೀಪ್ ಮೇಲಿನ, ಟ್ಯಾಂಕ್ ಹೊಡೆಯೋ 106 ಎಂಎಂ ರಿಕಾಯ್ಲ್‌ಲೆಸ್ ಗನ್ನಿಗೆ ಎಷ್ಟು ಶೆಲ್ ಮಿಕ್ಕಿದೆ, ಒಂದೂ ಗೊತ್ತಾಗಲ್ಲ. ಆ ಗನ್ನಿನ ಕಷ್ಟ ಏನು ಗೊತ್ತಾ? ಹೊಡೆದ ಕೂಡಲೇ ಹಿಂದಿನಿಂದ ಬೆಂಕಿ ಉಗುಳುತ್ತೆ, ಮರಳಲ್ಲಂತೂ ಧೂಳಿನ ಮೋಡನೇ ಏಳುತ್ತೆ. ಎಲ್ಲಿದ್ದೀಯ ಅಂತ ಶತ್ರುಗೆ ಕಂಡುಬಿಡುತ್ತೆ. ಜೀಪ್ ಜರುಗಿಸಿ ಇನ್ನೊಂದು ಕಡೆಯಿಂದ ಹೊಡೀಬೇಕು. ಹೊಡಿ, ಓಡು, ಹೊಡಿ, ಓಡು. ಇಷ್ಟರಲ್ಲೇ ಅರ್ಧ ಗಂಟೆ ಸಿನಿಮಾ ಇದೆ.

ಲೋಕೇಶ: ಇವನು ಸಿನಿಮಾಕ್ಕೆ ಹೋಗಲ್ಲ, ಸ್ಟಾಕ್ ಆಡಿಟ್‌ಗೆ ಹೋಗ್ತಾನೆ.

ಅಶ್ವತ್ಥ: ಹೂಂ ಮತ್ತೆ. ಯುದ್ಧ ಸಿನಿಮಾ ಅಂದ್ರೆ ಲೆಕ್ಕ ಸಿಗಬೇಕು. ಯಾರು ಎಲ್ಲಿದ್ದಾರೆ, ಗುಂಡು ಎಷ್ಟು ಉಳಿದಿದೆ, ಹೊತ್ತು ಎಷ್ಟಿದೆ. ಆ ಕಾಲದ ನಮ್ಮ ಎಸ್‌ಎಲ್‌ಆರ್ ರೈಫಲ್ ಮ್ಯಾಗಜೀನ್‌ಗೆ 20 ಗುಂಡು. ಹೀರೋ ಒಂದೇ ಉಸಿರಿಗೆ ಅರವತ್ತು ಹೊಡೆದ ಅಂದ್ರೆ ನನಗೆ ಅಲ್ಲಿಗೆ ಭಯ ಮುಗೀತು. ಗುಂಡು ಮುಗಿಯಲ್ಲ ಅಂದ್ಮೇಲೆ ಅವನಿಗೆ ಏನೂ ಆಗಲ್ಲ.

ವಿನುತಾ: ಇದು ಒಪ್ಪಿದೆ. ‘ಸೇವಿಂಗ್ ಪ್ರೈವೇಟ್ ರಯಾನ್’ನಲ್ಲಿ ಗರಾಂಡ್ ರೈಫಲ್‌ನ ಎಂಟನೇ ಗುಂಡು ಹೋದ ಮೇಲೆ ‘ಟಿಣ್’ ಅಂತ ಕ್ಲಿಪ್ಪು ಹಾರುತ್ತಲ್ಲ, ಆ ಸದ್ದೇ ಲೆಕ್ಕ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಗುರುರಾಜ: ಬಂತು, ಹಾಲಿವುಡ್ ಬಂತು.

ವಿನುತಾ: ಊರು ಯಾವುದಾದ್ರೂ ಕಿವಿ ಒಂದೇ ಕಣೋ. ರೈಫಲ್ ಗುಂಡು ಸದ್ದಿಗಿಂತ ವೇಗ, ಸೆಕೆಂಡಿಗೆ ಸುಮಾರು 800 ಮೀಟರ್. ಸದ್ದು 340. ಅದಕ್ಕೆ ದೂರದಿಂದ ಹೊಡೆದಾಗ ಮೊದಲು ತಲೆ ಪಕ್ಕ ‘ಚಟ್’ ಅಂತ ಗುಂಡು ಹೋದ ಸದ್ದು, ಆಮೇಲೆ ‘ಧಡ್’ ಅಂತ ಬಂದೂಕಿನ ಸದ್ದು. ಎರಡರ ನಡುವಿನ ಎಡೆ ಕೇಳಿ ಶತ್ರು ಎಷ್ಟು ದೂರ ಅಂತ ಸೈನಿಕರು ಅಂದಾಜು ಮಾಡ್ತಾರೆ. ನಮ್ಮಲ್ಲಿ ಮಿಕ್ಸಿಂಗ್ ಮಾಡೋವಾಗ ‘ಚಟ್’ ಬಿಟ್ಟು ‘ಧಡ್’ ಮಾತ್ರ ಇಡ್ತಾರೆ, ಅದೂ ಹತ್ತು ಪಟ್ಟು ಜೋರಾಗಿ, ಅದರ ಮೇಲೆ ತಮಟೆ, ವಯೊಲಿನ್. ಆಗ ಎಲ್ಲಾ ಗುಂಡೂ ಪಕ್ಕದಲ್ಲೇ ಹೊಡೆದ ಹಾಗೆ. ದೂರ ಸತ್ತುಹೋಗುತ್ತೆ.

ರಯಾನ್‌ನಲ್ಲಿ ಅಮೆರಿಕದ ಸೈನಿಕರು ಒಮಾಹಾ ತೀರಕ್ಕೆ ಇಳಿಯೋ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಜಾನ್ ವಿಲಿಯಮ್ಸ್ ಸಂಗೀತ ಒಂದು ಸ್ವರ ಇಲ್ಲ. ಸೌಂಡ್ ಡಿಸೈನರ್ ಗ್ಯಾರಿ ರೈಡ್‌ಸ್ಟ್ರಾಮ್ ಬರೀ ಸದ್ದಲ್ಲೇ ಕಟ್ಟಿದ್ದಾನೆ. ಮಧ್ಯೆ ಬಾಂಬ್ ಸದ್ದಿಗೆ ಕ್ಯಾಪ್ಟನ್ ಕಿವಿ ಕಟ್ಟಿದಾಗ ನಮ್ಮ ಕಿವಿನೂ ಕಟ್ಟುತ್ತೆ. ಅದನ್ನ ಆಮೇಲೆ ಎಲ್ಲರೂ ಕದ್ದರು. ಈಗ ಬಾಂಬ್ ಬಿದ್ದ ತಕ್ಷಣ ‘ಕುಂಯ್’ ಅನ್ನದ ಸಿನಿಮಾನೇ ಇಲ್ಲ.

ಲೋಕೇಶ: ಶಟರ್ ಕೂಡ ಕದ್ದರು, ಅರ್ಥ ಮಾಡ್ಕೊಳ್ದೇ. ಕ್ಯಾಮೆರಾ ಒಳಗೆ ಬೆಳಕು ಬಿಟ್ಟು ಮುಚ್ಚೋದು ಶಟರ್. ಮಾಮೂಲಿ ಅಂದ್ರೆ 180 ಡಿಗ್ರಿ ಶಟರ್, ಸೆಕೆಂಡಿಗೆ 24 ಫ್ರೇಮ್. ಒಂದೊಂದು ಫ್ರೇಮೂ 1/48 ಸೆಕೆಂಡ್ ಬೆಳಕಿಗೆ ತೆರೆದಿರುತ್ತೆ, ಅಷ್ಟರಲ್ಲಿ ಓಡೋ ಕಾಲು ಮಸುಕಾಗುತ್ತೆ, ಕಣ್ಣಿಗೆ ಹಿತ. ರಯಾನ್ ಕ್ಯಾಮೆರಾಮನ್ ಕಾಮಿನ್ಸ್ಕಿ 90ಕ್ಕೂ 45ಕ್ಕೂ ಇಳಿಸಿದ. ಅಂದ್ರೆ 1/96, 1/192. ಮಸುಕು ಹೋಯ್ತು, ಎಗರಿದ ಮರಳಿನ ಒಂದೊಂದು ಕಾಳೂ ಬಿಡಿಬಿಡಿ. ಜೊತೆಗೆ ಲೆನ್ಸ್ ಮೇಲಿನ ಕೋಟಿಂಗ್ ತೆಗೆಸಿದ, ಬೆಳಕು ಚೆದುರಿ ಹಳೇ ಕಾಲದ ನ್ಯೂಸ್ ರೀಲ್ ಥರ ಆಯ್ತು.

ಬೆಲೆ ಏನು ಅಂದ್ರೆ ಬೆಳಕು. 45ಕ್ಕೆ ಇಳಿಸಿದ್ರೆ ಎರಡು ಸ್ಟಾಪ್ ಕಳ್ಕೊಂಡೆ, ಅಂದ್ರೆ ಬೆಳಕು ಕಾಲು ಭಾಗಕ್ಕೆ ಇಳೀತು. ಮೋಡದ ದಿನ ಆದ್ರೂ ಬಯಲಲ್ಲಿ ನಡೆಯುತ್ತೆ, ಒಳಾಂಗಣದಲ್ಲಿ ಕಷ್ಟ. ಇಲ್ಲಿ ಶಾರ್ಟ್ ಫಿಲ್ಮ್ ಮಾಡೋ ಹುಡುಗರು ಟ್ಯೂಬ್‌ಲೈಟ್ ಕೆಳಗೆ 45 ಇಡ್ತಾರೆ, ಆಮೇಲೆ ಪಟ್ಟಿಪಟ್ಟಿ ಮಿಣುಕು ಬಂತು ಅಂತ ಅಳ್ತಾರೆ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತೆ. 24 ಫ್ರೇಮಿಗೆ 172.8 ಡಿಗ್ರಿ ಇಟ್ರೆ 1/50, 86.4 ಇಟ್ರೆ 1/100. ಇವೆರಡು ಸೇಫ್. ಅದಕ್ಕಿಂತ ಕೆಳಗೆ ಹೋಗ್ಬೇಕಂದ್ರೆ ಬಿಸಿಲಿಗೆ ಹೋಗು.

ಮೇಷ್ಟ್ರು (ಫಿಸಿಕ್ಸ್): ಅದೇ ಒಮಾಹಾ ದೃಶ್ಯದಲ್ಲಿ ನೀರೊಳಗೆ ಮುಳುಗಿದವರಿಗೂ ಗುಂಡು ತಗಲಿ ಸಾಯುತ್ತಾರಲ್ಲ, ಅದು ತಪ್ಪು ಕಣಯ್ಯ. ಅಷ್ಟು ವೇಗದ ಗುಂಡಿಗೆ ನೀರು ಗೋಡೆ ಇದ್ದ ಹಾಗೆ. ಒಂದು ಮೀಟರ್ ಒಳಗೇ ಚೂರಾಗಿ ಶಕ್ತಿ ಕಳೆದುಕೊಳ್ಳುತ್ತದೆ. ನಿಧಾನವಾದ ಪಿಸ್ತೂಲ್ ಗುಂಡೇ ಇನ್ನೂ ಸ್ವಲ್ಪ ಮುಂದೆ ಹೋದೀತು.

ಗುರುರಾಜ: ಸರ್ ನಮಸ್ಕಾರ! ನೋಡ್ರಪ್ಪ, ನಿಮ್ಮ ಹಾಲಿವುಡ್ಡೂ ಫೇಲ್. ಮೇಷ್ಟ್ರೇ ಸೊನ್ನೆ ಹಾಕಿದ್ರು.

ಅಶ್ವತ್ಥ: ಅದರಲ್ಲಿರೋ ಜರ್ಮನ್ ಟೈಗರ್ ಟ್ಯಾಂಕೂ ಟೈಗರ್ ಅಲ್ಲ. ರಷ್ಯಾದ ಟಿ-34 ಮೇಲೆ ಡಬ್ಬ ಕೂರಿಸಿದ್ದು. ಚಕ್ರ ನೋಡಿದ್ರೆ ಗೊತ್ತಾಗುತ್ತೆ, ನಿಜವಾದ ಟೈಗರ್‌ನಲ್ಲಿ ಚಕ್ರಗಳು ಒಂದರ ಮೇಲೊಂದು ಹೆಣೆದ ಹಾಗೆ ಇರ್ತವೆ. ‘ಫ್ಯೂರಿ’ ಸಿನಿಮಾದಲ್ಲಿ ಬರೋದು ಮಾತ್ರ ಅಸಲಿ, ಬೋವಿಂಗ್ಟನ್ ಮ್ಯೂಸಿಯಂನ ಟೈಗರ್ 131.

ಗುರುರಾಜ: ಹಾಗಾದ್ರೆ ಕೇಳಿ. ‘ಬಾರ್ಡರ್’ನಲ್ಲಿ ಹಾರಿದ್ದು ನಿಜವಾದ ಹಂಟರ್. 1997ರಲ್ಲಿ ವಾಯುಪಡೆಯಲ್ಲಿ ಇನ್ನೂ ಇದ್ದವು, 2001ರಲ್ಲಿ ನಿವೃತ್ತಿ. ನಿಮ್ಮ ‘ಡಂಕರ್ಕ್’ನಲ್ಲಿ ಜರ್ಮನ್ ವಿಮಾನ ಅಂತ ತೋರಿಸಿದ್ದು ಸ್ಪೇನ್‌ನ ಬುಚೋನ್, ಅದರ ಒಳಗೆ ಇಂಗ್ಲಿಷರ ಮರ್ಲಿನ್ ಎಂಜಿನ್! ನನಗೂ ಗೊತ್ತಪ್ಪ ಸ್ವಲ್ಪ.

ಅಶ್ವತ್ಥ: ಸಖತ್. ಇದಕ್ಕೆ ಮಾರ್ಕ್ಸ್ ಕೊಟ್ಟೆ. ಹಂಟರ್ ಸಿಕ್ಕಿತು, ಆದ್ರೆ ಅದೇ ಮರುಭೂಮಿ ರಂಗದಲ್ಲಿ ಹಾರಿದ ನಮ್ಮ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನಕ್ಕೆ ಸಿನಿಮಾ ಭಾಗ್ಯ ಇಲ್ಲ. ಕಸ್ತೂರಬಾ ರಸ್ತೆ ಮ್ಯೂಸಿಯಂನಲ್ಲಿ ಮಕ್ಕಳು ಅದರ ಮುಂದೆ ಸೆಲ್ಫಿ ತಗೊಂಡು ಹೋಗ್ತವೆ, ಅಷ್ಟೇ.

ಡಂಕರ್ಕ್ ವಿಮಾನಗಳ ಮೂತಿಯ ಹಳದಿ ಬಣ್ಣನೂ ತಪ್ಪು, ಅದು ಬಂದಿದ್ದು ನಿಜವಾದ ಡಂಕರ್ಕ್ ಕಾಳಗ ಮುಗಿದ ಮೇಲೆ. ನಿರ್ದೇಶಕ ನೋಲನ್‌ಗೆ ಗೊತ್ತಿತ್ತು, ಬೇಕಂತಲೇ ಬಳಿಸಿದ. ಆಕಾಶದಲ್ಲಿ ಒಂದು ಚುಕ್ಕಿ ಕಂಡಾಗ ಯಾರ ಕಡೆಯದು ಅಂತ ನೋಡೋನಿಗೆ ಗೊತ್ತಾಗಬೇಕಲ್ಲ. ಇಂಥ ತಪ್ಪಿಗೆ ನಾನು ಕೈ ಮುಗೀತೀನಿ.

ಮೇಷ್ಟ್ರು: ಅದೇ ಚಿತ್ರದ ಇಂಗ್ಲಿಷರ ಸ್ಪಿಟ್‌ಫೈರ್ ವಿಮಾನದ ಗುಂಡಿನ ಲೆಕ್ಕ ಮಾಡಿದ್ದೀಯಾ? ಎಂಟು ಬ್ರೌನಿಂಗ್ ಗನ್, ಒಂದೊಂದಕ್ಕೆ 300 ಗುಂಡು. ನಿಮಿಷಕ್ಕೆ 1150ರಂತೆ ಹೊಡೆದರೆ ಸೆಕೆಂಡಿಗೆ 19. ಹದಿನೈದು, ಹದಿನಾರು ಸೆಕೆಂಡಿಗೆ ಎಲ್ಲ ಖಾಲಿ. ಚಿತ್ರದಲ್ಲಿ ಅಷ್ಟಕ್ಕೆ ನಿಲ್ಲುವಂತೆ ಕಾಣುವುದಿಲ್ಲ.

ಅಶ್ವತ್ಥ: ಒಪ್ಪಿದೆ ಸರ್. ಗುಂಡಿನಲ್ಲಿ ಮೋಸ. ಆದ್ರೆ ಪೆಟ್ರೋಲ್‌ನಲ್ಲಿ ಇಲ್ಲ. ಫ್ಯುಯೆಲ್ ಗೇಜ್ ಒಡೆದು ಹೋಗುತ್ತೆ, ಪೈಲಟ್ಟು ಡ್ಯಾಶ್‌ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರ್ಕೊಂಡು ಹೋಗ್ತಾನೆ. ಆ ಒಂದು ಸೀಮೆಸುಣ್ಣ ಇಡೀ ವಿಮಾನದ ಕಥೆ ಹೊತ್ಕೊಂಡಿದೆ.

ಸುಮಾ: ಈಗ ತಾನೇ ಓದಿದೆ ಎಲ್ಲಾ. ಅಶ್ವತ್ಥ, ನಿನ್ನ ‘ಲೆಕ್ಕ ಸಿಗಬೇಕು’ ಸೂತ್ರಕ್ಕೆ ‘ಕಮ್ ಅಂಡ್ ಸೀ’ ಹಾಕಿ ನೋಡು. ಎಲೆಮ್ ಕ್ಲಿಮೊವ್, 1985. 1943ರ ಬೆಲಾರಸ್. ಕಥೆಯ ಹುಡುಗನಿಗೆ ಶತ್ರು ಎಲ್ಲಿ, ನಮ್ಮೋರು ಎಲ್ಲಿ, ಏನೂ ಗೊತ್ತಿಲ್ಲ. ನಮಗೂ ಗೊತ್ತಾಗಲ್ಲ. ಮಂಜು, ಕೆಸರು, ಹಸು, ಎಲ್ಲಿಂದಲೋ ಬರೋ ಗುಂಡು. ಅದರಲ್ಲಿ ಎಷ್ಟೋ ಗುಂಡು ನಿಜವಾದ್ದೇ, ಸದ್ದಿಗೆ ಮಾತ್ರ ಹೊಡೆಯೋ ಖಾಲಿ ತೋಟಾ ಅಲ್ಲ. ಲೆಕ್ಕ ಇಲ್ಲದೇ ಇರೋದೇ ಅದರ ಶಕ್ತಿ. ಕೊನೆಗೆ ಒಂದೇ ಸಂಖ್ಯೆ ಬರುತ್ತೆ: ನಾಜಿಗಳು ಜನರ ಸಮೇತ ಸುಟ್ಟ ಹಳ್ಳಿಗಳು 628.

ಅಶ್ವತ್ಥ: ಅದು ಬೇರೆ ಜಾತಿ ಸಿನಿಮಾ ಕಣೆ.

ಸುಮಾ: ಬೇರೆ ಅಲ್ಲ, ನಿನ್ನ ಸೂತ್ರ ಅರ್ಧ. ಪಾತ್ರಕ್ಕೆ ಎಷ್ಟು ಗೊತ್ತೋ ಅಷ್ಟೇ ನಮಗೂ ಗೊತ್ತಾಗಬೇಕು. ಒಂದು ಕಂಪನಿಯ ಮೇಜರ್‌ಗೆ ಟ್ಯಾಂಕ್ ಎಷ್ಟು ಅಂತ ಗೊತ್ತಿರಬೇಕು, ನಮಗೂ ಬೇಕು. ಹದಿಹರೆಯದ ಹುಡುಗನಿಗೆ ಗೊತ್ತಿಲ್ಲ, ನಮಗೂ ಬೇಡ. ‘ಬಾರ್ಡರ್’ ಎಡವಿದ್ದು ಗುಂಡಿನ ಲೆಕ್ಕದಲ್ಲಲ್ಲ, ಅದು ಯಾರ ಕಣ್ಣಲ್ಲಿ ನೋಡ್ತಿದೆ ಅಂತ ಅದಕ್ಕೇ ಗೊತ್ತಿಲ್ಲ. ಒಂದು ಶಾಟ್ ಬಂಕರ್‌ನಲ್ಲಿ, ಇನ್ನೊಂದು ಶತ್ರು ಟ್ಯಾಂಕಿನಲ್ಲಿ, ಮತ್ತೊಂದು ಆಕಾಶದಲ್ಲಿ.

ಲೋಕೇಶ: ಇದು ಸರಿ. ಅದಕ್ಕೇ ‘1917’ ನಡೆಯುತ್ತೆ. ಮೊದಲ ಮಹಾಯುದ್ಧದ ಕಥೆ, ಕ್ಯಾಮೆರಾ ಇಬ್ಬರು ಸೈನಿಕರನ್ನ ಬಿಟ್ಟು ಕದಲಲ್ಲ. ಮೊದಲು ಬಯಲಲ್ಲಿ ನಟರನ್ನ ಮಾತಾಡ್ತಾ ನಡೆಸಿ, ಮಾತು ಎಲ್ಲಿ ಮುಗಿಯುತ್ತೋ ಅಲ್ಲಿಗೆ ಗೂಟ ಹೊಡೆದು, ಆಮೇಲೆ ಕಂದಕ ತೋಡಿದ್ದು. ಕಂದಕದ ಉದ್ದ ಸಂಭಾಷಣೆಯ ಉದ್ದ ಎರಡೂ ಒಂದೇ. ಶಾಟ್‌ಗೆ ಶಾಟ್ ಹೊಂದಬೇಕು ಅಂತ ಬಿಸಿಲು ಬಂದ್ರೆ ರಿಹರ್ಸಲ್, ಮೋಡ ಬಂದ್ರೆ ಶೂಟಿಂಗ್. ಆದ್ರೆ ಪೂರ್ತಿ ಒಂದೇ ಶಾಟ್ ಅನ್ನೋದು ಪೋಸ್ಟರ್ ಮಾತು. ಮಧ್ಯೆ ಸೈನಿಕನಿಗೆ ಪ್ರಜ್ಞೆ ತಪ್ಪಿದಾಗ ಪರದೆ ಕಪ್ಪಾಗುತ್ತೆ, ಹಗಲು ಹೋಗಿ ರಾತ್ರಿ.

ವಿನುತಾ: ಸುಮಾ ಹೇಳಿದ್ದಕ್ಕೆ ಪಕ್ಕಾ ಸಾಕ್ಷಿ ಜರ್ಮನ್ ಸಿನಿಮಾ ‘ದಾಸ್ ಬೂಟ್’. ಜಲಾಂತರ್ಗಾಮಿ ಒಳಗಿದ್ದೋರಿಗೆ ಏನೂ ಕಾಣಲ್ಲ, ಕೇಳುತ್ತೆ ಅಷ್ಟೇ. ಮೇಲಿನ ಹಡಗಿನ ಸೋನಾರ್ ‘ಟಿಂಗ್’, ಅದು ಹತ್ತಿರ ಆಗೋದು, ನೀರಿನ ಒತ್ತಡಕ್ಕೆ ಕಬ್ಬಿಣ ನರಳೋದು, ಬೋಲ್ಟ್ ಗುಂಡಿನ ಥರ ಕಿತ್ಕೊಂಡು ಬರೋದು. ನೋಡೋದಾದ್ರೆ 149 ನಿಮಿಷದ್ದು ಬೇಡ, 1997ರ 209 ನಿಮಿಷದ್ದು ನೋಡಿ. ಸುಮ್ಮನೆ ಕಾಯೋ ದೃಶ್ಯಗಳೆಲ್ಲ ಅದರಲ್ಲಿವೆ. ಮತ್ತೆ ಟಿವಿ ಸ್ಪೀಕರ್‌ನಲ್ಲಿ ನೋಡ್ಬೇಡಿ, ಕಬ್ಬಿಣ ನರಳೋ ಕೆಳಗಿನ ಸದ್ದೇ ಬರಲ್ಲ. ಸಬ್‌ವೂಫರ್ ಇಲ್ಲ ಅಂದ್ರೆ ಒಳ್ಳೇ ಹೆಡ್‌ಫೋನ್ ಸಾಕು.

ಲೋಕೇಶ: ಅದರ ಕ್ಯಾಮೆರಾಮನ್ ಜೋಸ್ಟ್ ವಕಾನೊ ಸಣ್ಣ ಆರಿಫ್ಲೆಕ್ಸ್ ಕ್ಯಾಮೆರಾಕ್ಕೆ, ಅಲುಗದ ಹಾಗೆ, ಗೈರೋಸ್ಕೋಪ್ ಕಟ್ಕೊಂಡು, ಹೆಲ್ಮೆಟ್ ಹಾಕ್ಕೊಂಡು ಆ ದುಂಡು ಬಾಗಿಲುಗಳಲ್ಲಿ ತೂರಿ ಓಡಿದ್ದಾನೆ. ಗೋಡೆ ಬಿಚ್ಚಿಟ್ಟು ದೂರದಿಂದ ತೆಗೆಯೋದು ಸುಲಭ ಇತ್ತು. ಹಾಗೆ ಮಾಡಿದ್ರೆ ಜಾಗ ಇದೆ ಅಂತ ನೋಡೋನಿಗೆ ಗೊತ್ತಾಗಿಬಿಡುತ್ತೆ, ಉಸಿರು ಕಟ್ಟಲ್ಲ.

ಗುರುರಾಜ: ಕಾಯೋದು ಕಾಯೋದು ಅಂತೀರಲ್ಲ, ‘ಬಾರ್ಡರ್’ನ ‘ಸಂದೇಸೆ ಆತೇ ಹೈ’ ಏನು ಮತ್ತೆ? ಹತ್ತು ನಿಮಿಷ ಹತ್ತಿರ ಒಂದು ಹಾಡು, ಅದರಲ್ಲಿ ಒಂದು ಗುಂಡು ಹಾರಲ್ಲ. ಕಾಗದ ಬರುತ್ತೆ, ಓದ್ತಾರೆ, ಸುಮ್ಮನಾಗ್ತಾರೆ. ಸೈನಿಕನ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ ಅಲ್ವಾ?

ವಿನುತಾ: ...ಇದಕ್ಕೆ ಉತ್ತರ ಇಲ್ಲ ನನ್ನ ಹತ್ರ.

ಸುಮಾ: ಗುರು ಗೆದ್ದ. ಹಾಡು ಆ ಸಿನಿಮಾದ ಒಳ್ಳೇ ಯುದ್ಧದೃಶ್ಯ. ಆದ್ರೆ ಹಾಗೆ ನೋಡಿದ್ರೆ ನಿನ್ನ ಪಟ್ಟಿಯಲ್ಲಿ ‘ಮುತ್ತಿನ ಹಾರ’ ಯಾಕಿಲ್ಲ? ರಾಜೇಂದ್ರ ಸಿಂಗ್ ಬಾಬು, 1990. ಕೊಡಗಿನ ಸೈನಿಕ ಅಚ್ಚಪ್ಪ ಒಂದು ಯುದ್ಧದಿಂದ ಇನ್ನೊಂದಕ್ಕೆ ಹೋಗ್ತಾನೆ, ಸುಹಾಸಿನಿ ನರ್ಸು, ಅವಳೂ ಅಲ್ಲೇ. ಬಾಲಮುರಳಿಕೃಷ್ಣ ಹಾಡಿದ ‘ದೇವರು ಹೊಸೆದ ಪ್ರೇಮದ ದಾರ’ದಲ್ಲಿ ಹಂಸಲೇಖ ಅಬ್ಬರ ಮಾಡಿಲ್ಲ. ರಾಷ್ಟ್ರಪ್ರಶಸ್ತಿ ಬಂದ ಕನ್ನಡ ಚಿತ್ರನ ಕನ್ನಡ ಗುಂಪಿನ ಪಟ್ಟಿಯೇ ಬಿಡುತ್ತೆ.

ಗುರುರಾಜ: ಪಟ್ಟಿ ನಾನು ಮಾಡಿದ್ದಲ್ಲ ತಾಯಿ, ಬಂದಿದ್ದು, ಕಳಿಸಿದೆ.

ಅಶ್ವತ್ಥ: ‘ಮುತ್ತಿನ ಹಾರ’ದ ಸ್ಫೋಟಗಳಲ್ಲಿ ಬರೀ ಕಿತ್ತಳೆ ಬೆಂಕಿ ಅನ್ನೋ ತಕರಾರು ನನ್ನದು. ಪೆಟ್ರೋಲ್ ಸುಟ್ರೆ ಹಾಗೆ. ನಿಜವಾದ ಶೆಲ್ ಬಿದ್ರೆ ಬೆಂಕಿಗಿಂತ ಬೂದು ಹೊಗೆ, ಮಣ್ಣು, ಚೂರು. ಆದ್ರೆ ಅದು ‘ಬಾರ್ಡರ್’ಗೂ ಇದೆ, ಹಾಲಿವುಡ್ಡಿಗೂ ಇದೆ.

ಲೋಕೇಶ: ಕನ್ನಡದಲ್ಲಿ ಆಗಬೇಕಾದ್ದು ಹೈಫಾ ಕಾಳಗ, ಈಗ ಇಸ್ರೇಲ್‌ನಲ್ಲಿರೋ ಊರು. ಜೆ.ಸಿ. ನಗರದಲ್ಲಿ ಮೈಸೂರಿನ ಈಟಿ ಹಿಡಿದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆಯಲ್ಲ, ಆ ಕಥೆ. 1918ರ ಸೆಪ್ಟೆಂಬರ್ 23. ಜೋಧಪುರದವರು ಕೆಳಗಿನಿಂದ ಊರಿಗೆ ನುಗ್ಗಬೇಕು, ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ತುರ್ಕರ ಕಡೆಯ ಫಿರಂಗಿ ಹಿಡೀಬೇಕು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕುದುರೆ ಹೂತುಹೋಗೋ ಕಿಶೋನ್ ಹೊಳೆ ಕೆಸರು. ಅಶ್ವತ್ಥನಿಗೆ ಬೇಕಾದ ಲೆಕ್ಕ ಎಲ್ಲ ಭೂಮಿನೇ ಹಾಕಿಕೊಟ್ಟಿದೆ.

ಗುರುರಾಜ: ಈಟಿ ಹಿಡ್ಕೊಂಡು ಮೆಷಿನ್ ಗನ್ ಮುಂದೆ? ಯಾರು ನಂಬ್ತಾರೆ? ಸ್ಲೋ ಮೋಷನ್ ಹಾಕಬೇಕು.

ಮೇಷ್ಟ್ರು: ಹಾಕಬೇಡಿ. ಲೆಕ್ಕ ಮಾಡಿ. ಕುದುರೆ ನಾಗಾಲೋಟದಲ್ಲಿ ನಿಮಿಷಕ್ಕೆ 600 ಮೀಟರ್ ಅಂದುಕೊಳ್ಳಿ. ಒಂದು ಕಿಲೋಮೀಟರಿಗೆ 100 ಸೆಕೆಂಡು. ಮ್ಯಾಕ್ಸಿಮ್ ಗನ್ ನಿಮಿಷಕ್ಕೆ 500, ಬೆಲ್ಟಿಗೆ 250 ಗುಂಡು. ಅರ್ಧ ನಿಮಿಷಕ್ಕೆ ಒಂದು ಬೆಲ್ಟು ಖಾಲಿ. ಅಂದರೆ ಆ 100 ಸೆಕೆಂಡಿನಲ್ಲಿ ಗನ್ನಿನವನು ಎರಡು ಮೂರು ಸಲ ಬೆಲ್ಟು ಬದಲಾಯಿಸಬೇಕು. ಸವಾರನಿಗೆ ಸಿಗುವುದು ಆ ಕೆಲವು ಸೆಕೆಂಡು ಮಾತ್ರ.

ಗುರುರಾಜ: ಸರ್, ಆ ಕೆಲವು ಸೆಕೆಂಡಲ್ಲಿ ಒಂದು ಚಿಕ್ಕ ಹಾಡು?

ವಿನುತಾ: ಹಾಡು ಬೇಡ. ಗನ್ ನಿಲ್ಲಲಿ, ಗೊರಸಿನ ಸದ್ದು ಮಾತ್ರ ಬಿಡು. ಹೊಸ ಬೆಲ್ಟು ಕೂತ ‘ಕ್ಲಿಕ್’ ಕೇಳೋವರೆಗೆ.